ಕಲಬುರಗಿಗೆ ಟಿವಿ ಬೆಂಗಳೂರಿಗಿಂತ ಮೊದಲೇ ಬಂದಿತ್ತು: ನೀವು ಎಲ್ಲಿ ಕೂತು, ಏನು ನೋಡಿದ್ರಿ?

ಬ್ರಹ್ಮಪುರದವಳು, ಕಲಬುರಗಿ

ಹಳೆಯ ಟಿವಿ ಕಾರ್ಯಕ್ರಮಗಳ ಮಾತು ಎಲ್ಲಿ ಶುರುವಾದರೂ ಅದು ಬೆಂಗಳೂರು, ಮೈಸೂರು ಕಡೆಯವರ ನೆನಪೇ ಆಗಿರುತ್ತೆ. 1981ರ ನವೆಂಬರ್ 1ಕ್ಕೆ ಬೆಂಗಳೂರಿನಲ್ಲಿ ದೂರದರ್ಶನ ಬಂತು, ಕರ್ನಾಟಕದ ಟಿವಿ ಕಥೆ ಅಲ್ಲಿಂದ ಶುರು ಅಂತ ಬರೆದುಬಿಡುತ್ತಾರೆ. ಓದಿದಾಗೆಲ್ಲ ಬೇಜಾರಾಗುತ್ತೆ. ಯಾಕಂದ್ರೆ 1977ರಲ್ಲೇ ನಮ್ಮ ಗುಲಬರ್ಗಾದಲ್ಲಿ ಟ್ರಾನ್ಸ್‌ಮಿಟರ್ ಇತ್ತು. ಅದಕ್ಕೂ ಎರಡು ವರ್ಷ ಮೊದಲು, 1975ರಲ್ಲಿ, ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಉಪಗ್ರಹದಿಂದ ಬಂದ ಟಿವಿ ನೋಡಿದ್ದರು. ಇದು ನಮ್ಮ ಮಕ್ಕಳಿಗೇ ಗೊತ್ತಿಲ್ಲ.

ನನ್ನ ನೆನಪೆಲ್ಲ ಆಮೇಲಿನದು. ನಮ್ಮ ಮನೆಗೆ ಟಿವಿ ಬಂದದ್ದು ‘ಹಮ್ ಲೋಗ್’ ಅನ್ನೋ ಹಿಂದಿ ಧಾರಾವಾಹಿ ನಡೆಯುತ್ತಿದ್ದ ಕಾಲಕ್ಕೆ, ಅಂದರೆ 1984-85ರ ಸುಮಾರಿಗೆ. ಮರದ ಪೆಟ್ಟಿಗೆ, ಮುಂದೆ ಎರಡೂ ಕಡೆ ಸರಿಯುವ ಬಾಗಿಲು. ಪಕ್ಕದ ಸ್ಟೂಲ್ ಮೇಲೆ ಸ್ಟೆಬಿಲೈಜರ್. ಆ ಸ್ಟೆಬಿಲೈಜರ್ ನನಗೆ ಟಿವಿಗಿಂತ ಚೆನ್ನಾಗಿ ನೆನಪಿದೆ. ಅದರ ಮೇಲೆ ಚಿಕ್ಕ ಗಾಜಿನ ಕಿಟಕಿ, ಒಳಗೆ ಕೆಂಪು ಮುಳ್ಳು. ಸಂಜೆ ಊರಿನ ಲೈಟೆಲ್ಲ ಹತ್ತಿದ ಮೇಲೆ ಮುಳ್ಳು ಕೆಳಗೆ ಇಳಿಯುತ್ತಿತ್ತು. ಇಳಿದ ಹಾಗೆ ಪರದೆಯ ಎರಡೂ ಅಂಚಿನಿಂದ ಕಪ್ಪು ಪಟ್ಟಿ ಒಳಗೆ ಬರುತ್ತಿತ್ತು, ‘ಹಮ್ ಲೋಗ್’ನ ನಿರೂಪಕ ಅಶೋಕ್ ಕುಮಾರ್ ಮುಖ ಸಣ್ಣದಾಗುತ್ತಿತ್ತು. ಆಮೇಲೆ ಒಳಗಿಂದ ‘ಟಕ್’ ಅಂತ ಶಬ್ದ. ಚಿತ್ರ ಮತ್ತೆ ಅಗಲ. ನಮ್ಮ ಅಜ್ಜಿ ಆ ಶಬ್ದ ಕೇಳಿದ ಕೂಡಲೇ ‘ಬಂತ್ ನೋಡವ್ವಾ ಕರೆಂಟು’ ಅನ್ನುತ್ತಿದ್ದಳು.

ಬೇಸಿಗೆಯಲ್ಲಿ ಒಳಗೆ ಕೂರುವ ಹಾಗೇ ಇರಲಿಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ಇದು. ಅಪ್ಪ ಟಿವಿಯನ್ನು ಕಿಟಕಿ ಹತ್ತಿರ ಸರಿಸಿ ಮುಖವನ್ನು ಅಂಗಳಕ್ಕೆ ತಿರುಗಿಸಿಬಿಡುತ್ತಿದ್ದರು. ಅಂಗಳಕ್ಕೆ ನೀರು ಚಿಮುಕಿಸಿ ಚಾಪೆ ಹಾಕಿ ಕೂತರೆ ಬುಧವಾರದ ಚಿತ್ರಹಾರ ಮುಗಿಯೋವರೆಗೂ ಯಾರೂ ಏಳುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಒಂದೊಂದು ವಾರ ಒಂದೊಂದು ಭಾಷೆಯ ಸಿನಿಮಾ ಬರುತ್ತಿತ್ತು. ಅಸ್ಸಾಮಿ, ಒರಿಯಾ, ಬಂಗಾಳಿ ಎಲ್ಲ ಆದ ಮೇಲೆ ಯಾವತ್ತೋ ಕನ್ನಡದ ಸರದಿ. ಆ ದಿನ ಮಧ್ಯಾಹ್ನದ ಅಡಿಗೆ ಹತ್ತು ಗಂಟೆಗೇ ಮುಗಿದಿರುತ್ತಿತ್ತು.

ಹಳೆಯ ಕಾರ್ಯಕ್ರಮಗಳ ಪಟ್ಟಿ ನಮಗೆ ಎಲ್ಲಾದರೂ ಸಿಗುತ್ತೆ. ನಮ್ಮ ಮೂರು ಜಿಲ್ಲೆಗಳಲ್ಲಿ ಅದನ್ನು ಯಾರು ನೋಡಿದರು, ಯಾವ ಕಟ್ಟೆ ಮೇಲೆ ಕೂತು ನೋಡಿದರು, ಯಾವ ಭಾಷೆಯಲ್ಲಿ ಅರ್ಥ ಮಾಡಿಕೊಂಡರು ಅನ್ನೋದು ಮಾತ್ರ ಎಲ್ಲೂ ಸಿಗಲ್ಲ. ಅದನ್ನು ಬರೆಯಿರಿ. ಹಿರಿಯರು ಇದ್ದರೆ ದಯವಿಟ್ಟು 1975ರ ಕಥೆ ಹೇಳಿ.

ನಿವೃತ್ತ ಮಾಸ್ತರ, ಚಿತ್ತಾಪುರ ತಾಲ್ಲೂಕು

ಬ್ರಹ್ಮಪುರದ ತಂಗೀ, ಈ ಮಾತು ಎತ್ತಿದ್ದಕ್ಕೆ ಬಹಳ ಸಂತೋಷವಾಯಿತು. ನಾನು ಆಗ ಹೊಸದಾಗಿ ನೌಕರಿಗೆ ಸೇರಿದ್ದೆ. ನಮ್ಮ ಶಾಲೆಯ ಟಿವಿ ಕೋಣೆಯ ಬೀಗದ ಕೈ ನನ್ನ ಜೇಬಿನಲ್ಲೇ ಇರುತ್ತಿತ್ತು.

ಅದರ ಹೆಸರು ‘ಸೈಟ್’. ಉಪಗ್ರಹದ ಮೂಲಕ ಹಳ್ಳಿಗಳಿಗೆ ಪಾಠ, ಕೃಷಿ, ಆರೋಗ್ಯದ ವಿಷಯ ಮುಟ್ಟಿಸುವ ಪ್ರಯೋಗ. 1975ರ ಆಗಸ್ಟ್ 1ಕ್ಕೆ ಶುರು, 1976ರ ಜುಲೈ 31ಕ್ಕೆ ಮುಕ್ತಾಯ. ಇಡೀ ದೇಶದಲ್ಲಿ ಆರು ರಾಜ್ಯ ಆರಿಸಿದ್ದರು, ಸುಮಾರು 2400 ಹಳ್ಳಿ. ಉಪಗ್ರಹ ಅಮೆರಿಕದ ನಾಸಾದ್ದು, ಎಟಿಎಸ್-6. ನೆಲದ ಮೇಲಿನ ಕೆಲಸ ನಮ್ಮ ಇಸ್ರೋದ್ದು. ಕನ್ನಡದ ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಬೆಂಗಳೂರಿನಲ್ಲಿ ಅಲ್ಲ, ಹೈದರಾಬಾದಿನಲ್ಲಿ. ಉಪಗ್ರಹದಿಂದ ಒಂದು ಚಿತ್ರದ ಜೊತೆ ಎರಡು ಧ್ವನಿ ಕಳಿಸುವ ಏರ್ಪಾಡಿತ್ತು. ಹಾಗಾಗಿ ಅದೇ ಚಿತ್ರವನ್ನು ಆಂಧ್ರದ ಹಳ್ಳಿಯವರು ತೆಲುಗಿನಲ್ಲಿ, ನಾವು ಕನ್ನಡದಲ್ಲಿ ಕೇಳಬಹುದಿತ್ತು.

ಆಂಟೆನಾ ನೋಡಲಿಕ್ಕೇ ಸುತ್ತಲಿನ ಊರಿನವರು ಬರುತ್ತಿದ್ದರು. ಹತ್ತು ಅಡಿ ಅಗಲ. ಕೋಳಿ ಗೂಡಿಗೆ ಹಾಕುವಂಥ ತಂತಿ ಜಾಲರಿಯನ್ನೇ ಬಗ್ಗಿಸಿ ಮಾಡಿದ್ದು. ಉಪಗ್ರಹ ಆಫ್ರಿಕಾದ ಮೇಲೆ ನಿಂತಿತ್ತು, ಅದಕ್ಕೇ ಜಾಲರಿಯ ಮುಖ ಪಶ್ಚಿಮಕ್ಕೆ. ಊರ ಹಿರಿಯರೊಬ್ಬರು ದಿನಾ ಬಂದು ಅದರ ಎದುರು ನಿಂತು ಆಕಾಶ ನೋಡುತ್ತಿದ್ದರು. ‘ಮಾಸ್ತರ, ಇದರಾಗ ತಂತಿನೇ ಇಲ್ಲಲ್ಲ, ಮಾತು ಹೆಂಗ ಇಳೀತದ?’ ಅಂತ ಕೇಳುತ್ತಿದ್ದರು. ನನಗೆ ತಿಳಿದಷ್ಟು ಹೇಳುತ್ತಿದ್ದೆ. ಮಾರನೇ ದಿನ ಮತ್ತೆ ಅದೇ ಪ್ರಶ್ನೆ. ಅವರಿಗೆ ಉತ್ತರಕ್ಕಿಂತ ಆ ಬೆರಗೇ ಬೇಕಾಗಿತ್ತು ಅಂತ ಕಾಣುತ್ತದೆ.

ಬೆಳಿಗ್ಗೆ ಒಂದೂವರೆ ಗಂಟೆ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ ಪ್ರಸಾರ. ಅದರಲ್ಲಿ ಎಲ್ಲ ಭಾಷೆಗಳಿಗೂ ಪಾಲು. ನಮ್ಮ ಪಾಲು ಮುಗಿದರೂ ಜನ ಏಳುತ್ತಿರಲಿಲ್ಲ. ದಿಲ್ಲಿಯ ಹಿಂದಿ ಸುದ್ದಿಯನ್ನೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಒಂದು ವರ್ಷ ಆಯಿತು. ಉಪಗ್ರಹವನ್ನು ಅಮೆರಿಕದವರು ವಾಪಸ್ ತಿರುಗಿಸಿಕೊಂಡರು. ಆಗಸ್ಟ್ ತಿಂಗಳಲ್ಲಿ ಮಕ್ಕಳು ದಿನಾ ಬೆಳಿಗ್ಗೆ ಆ ಕೋಣೆಯ ಮುಂದೆ ಬಂದು ನಿಲ್ಲುತ್ತಿದ್ದವು. ‘ಇವತ್ತು ಬರ್ತದೇನ್ರಿ ಸರ?’ ಆ ಪ್ರಶ್ನೆಗೆ ‘ಇಲ್ಲಪ್ಪಾ’ ಅನ್ನಬೇಕಾದಾಗ ಕರುಳು ಹಿಂಡಿದಂತಾಗುತ್ತಿತ್ತು. 1977ರಲ್ಲಿ ಗುಲಬರ್ಗಾದ ಟ್ರಾನ್ಸ್‌ಮಿಟರ್ ಬಂತಲ್ಲ, ಅದು ಈ ಪ್ರಯೋಗದ ಮುಂದುವರಿಕೆ. ಸುಮ್ನೆ ಯಾರೋ ದಯಪಾಲಿಸಿದ್ದಲ್ಲ.

ಸೇಡಂ ಹುಡುಗಿ

ಸರ್, ನಾನು ಹುಟ್ಟಿದ್ದು 1994ರಲ್ಲಿ. ಇದನ್ನು ಓದಿ ಮೈ ಜುಮ್ ಅಂತು. ಶಾಲೆಯಲ್ಲಿ ಒಬ್ಬರೂ ಇದನ್ನು ನಮಗೆ ಹೇಳಿಲ್ಲ. ಮಕ್ಕಳಿಗೆ ಏನು ತೋರಿಸುತ್ತಿದ್ದರು? ಪಾಠನಾ, ಕಥೆನಾ?

ನಿವೃತ್ತ ಮಾಸ್ತರ, ಚಿತ್ತಾಪುರ ತಾಲ್ಲೂಕು

ಎರಡೂ ಮಗಳೇ. ವಿಜ್ಞಾನವನ್ನು ಆಟದ ಹಾಗೆ ಮಾಡಿ ತೋರಿಸುತ್ತಿದ್ದರು. ನೀರು ಯಾಕೆ ಮೇಲೇರುತ್ತೆ, ನೆರಳು ಯಾಕೆ ಉದ್ದ ಆಗುತ್ತೆ, ಇಂಥವು. ಮುಗಿದ ಮೇಲೆ ನಮ್ಮ ಹುಡುಗರು ಅಂಗಳಕ್ಕೆ ಓಡಿ ಕಟ್ಟಿಗೆ ನೆಟ್ಟು ನೆರಳು ಅಳೆಯುತ್ತಿದ್ದರು. ನಾನು ಕರಿ ಹಲಗೆಯ ಮೇಲೆ ಎಷ್ಟು ಬರೆದರೂ ಆ ಉತ್ಸಾಹ ಬಂದಿರಲಿಲ್ಲ. ಟಿವಿಯಿಂದ ಮಕ್ಕಳು ಕೆಡುತ್ತಾರೆ ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಆ ಕಟ್ಟಿಗೆ, ಆ ನೆರಳು ಕಣ್ಣ ಮುಂದೆ ಬರುತ್ತೆ.

ಟಿವಿ ರಿಪೇರಿ, ಶಹಾಬಾದ್

ಮಾಸ್ತರರಿಗೆ ನಮಸ್ಕಾರ. ನೀವು ಹೇಳಿದ ಆ ಸೆಟ್‌ಗಳನ್ನು ಮಾಡಿದ್ದು ಹೈದರಾಬಾದಿನ ಇಸಿಐಎಲ್. ಮುಂದೆ ಅದೇ ಕಂಪನಿಯ ‘ಇಸಿ ಟಿವಿ’ ನಮ್ಮ ಕಡೆ ಮನೆ ಮನೆಗೆ ಬಂತು. ಡಯನೋರಾ, ಸಾಲಿಡೇರ್, ಒನಿಡಾ ಎಲ್ಲ ಬಿಚ್ಚಿದ್ದೇನೆ. ಇಸಿ ಟಿವಿಯ ಒಳಗಿನ ಕೆಲಸ ನೋಡಿದರೆ ಗಟ್ಟಿ ಕೈಯವರು ಮಾಡಿದ್ದು ಅಂತ ಗೊತ್ತಾಗುತ್ತಿತ್ತು. ಶುರುವಿನ ವರ್ಷಗಳಲ್ಲಿ ಟಿವಿ ಇಟ್ಟುಕೊಳ್ಳಲು ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು, ಹೊಸಬರಿಗೆ ಇದೂ ಗೊತ್ತಿರಲಿ.

ಬ್ರಹ್ಮಪುರದ ತಂಗಿ ಬರೆದ ಕಪ್ಪು ಪಟ್ಟಿಯ ಕಾರಣ ಹೇಳುತ್ತೇನೆ. ಪಿಕ್ಚರ್ ಟ್ಯೂಬಿನ ಕುತ್ತಿಗೆಗೆ ತಾಮ್ರದ ತಂತಿ ಸುತ್ತಿದ ಯೋಕ್ ಅಂತ ಇರುತ್ತೆ. ಎಲೆಕ್ಟ್ರಾನ್ ಕಿರಣವನ್ನು ಎಡಕ್ಕೆ ಬಲಕ್ಕೆ ಎಳೆಯುವುದು ಅದೇ. ವೋಲ್ಟೇಜ್ ಬಿದ್ದರೆ ಎಳೆಯುವ ಶಕ್ತಿ ಕಡಿಮೆ. ಕಿರಣ ಅಂಚಿನವರೆಗೆ ಮುಟ್ಟಲ್ಲ, ಚಿತ್ರ ಕುಗ್ಗುತ್ತೆ. ಆ ‘ಟಕ್’ ಶಬ್ದ ಸ್ಟೆಬಿಲೈಜರ್ ಒಳಗಿನ ರಿಲೇ ಬದಲಾಗಿದ್ದು. ಹೆಚ್ಚು ವೋಲ್ಟೇಜಿನ ಕಡೆಗೆ ಜೋಡಿಸಿಕೊಳ್ಳುತ್ತಿತ್ತು.

ನನ್ನ ಅರ್ಧ ಆಯುಷ್ಯ ಆಂಟೆನಾ ಕಂಬದ ಮೇಲೆ ಹೋಗಿದೆ. ಅಲ್ಯೂಮಿನಿಯಂ ಪೈಪ್, ಅದರಿಂದ ಕೆಳಗಿಳಿಯುವ ಚಪ್ಪಟೆ ವೈರ್. ನಮ್ಮ ಬಿಸಿಲಿಗೆ ಆ ವೈರಿನ ಮೇಲಿನ ಪ್ಲಾಸ್ಟಿಕ್ ಬಿರುಕು ಬಿಟ್ಟು, ಮೊದಲ ಮಳೆಗೆ ನೀರು ಒಳಗೆ ಹೋಗಿ ಪರದೆ ತುಂಬ ಚುಕ್ಕೆ ಬರುತ್ತಿತ್ತು. ಜೂನ್ ತಿಂಗಳು ಅಂದರೆ ನಮಗೆ ಊಟಕ್ಕೂ ಪುರಸೊತ್ತಿಲ್ಲ.

‘ಮಹಾಭಾರತ’ ನಡೆಯುವಾಗ ಭಾನುವಾರ ಬೆಳಿಗ್ಗೆ ಒಂದು ಹಳ್ಳಿಯಿಂದ ಸೈಕಲ್ ಮೇಲೆ ಇಬ್ಬರು ಬಂದರು. ಚಿತ್ರ ಬರ್ತಿಲ್ಲ, ಊರೆಲ್ಲ ಕೂತಿದೆ, ನಡೀರಿ ಅಂತ. ಹೋಗಿ ನೋಡಿದರೆ ಕರೆಂಟೇ ಇಲ್ಲ. ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚಿ ತಂದು 12 ವೋಲ್ಟ್ ಟಿವಿಗೆ ಕೊಟ್ಟಿದ್ದರು, ಪ್ಲಸ್ ಮೈನಸ್ ಅದಲು ಬದಲಾಗಿ ಫ್ಯೂಸ್ ಹೋಗಿತ್ತು. ಫ್ಯೂಸ್ ಬದಲಿಸಿ ಸರಿಯಾಗಿ ಕೊಟ್ಟೆ. ಚಿತ್ರ ಮೂಡಿದಾಗ ಆ ಜನ ಎತ್ತಿದ ಕೂಗು ಇವತ್ತಿಗೂ ಕಿವಿಯಲ್ಲಿದೆ. ರೊಕ್ಕ ತಗೊಳ್ಳಲಿಲ್ಲ. ರೊಟ್ಟಿ, ಪುಂಡಿ ಪಲ್ಯ ಉಣ್ಣಿಸಿ ಕಳಿಸಿದರು.

ಭಾಲ್ಕಿ ಕಡೆಯವ

ಗುಲಬರ್ಗಾದವರು ಪುಣ್ಯವಂತರು. ಬೀದರ್ ಜಿಲ್ಲೆಯಲ್ಲಿ ನಮಗೆ ಎಷ್ಟೋ ವರ್ಷ ಕನ್ನಡವೇ ಬರುತ್ತಿರಲಿಲ್ಲ. ಎತ್ತರದ ಪೈಪ್ ನಿಲ್ಲಿಸಿ, ಬೂಸ್ಟರ್ ಹಾಕಿ, ಹೈದರಾಬಾದ್ ಕಡೆ ತಿರುಗಿಸಿದರೆ ಒಂದೊಂದು ರಾತ್ರಿ ತೆಲುಗು ಸಿಗುತ್ತಿತ್ತು. ಬೇಸಿಗೆಯ ಕೆಲವು ರಾತ್ರಿ ಯಾವ ಊರಿನದೋ ಗೊತ್ತಿಲ್ಲದ ಪ್ರಸಾರ ತಾನಾಗೇ ಬಂದು, ಅರ್ಧ ಗಂಟೆ ಸ್ವಚ್ಛವಾಗಿ ಕಂಡು, ಮತ್ತೆ ಮಾಯ.

ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು, ಸೋದರತ್ತೆಯ ಊರಿನಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ. ಇದರಿಂದ ಕಷ್ಟ ಆಯ್ತು ಅಂತ ನನಗೆ ಯಾವತ್ತೂ ಅನಿಸಿಲ್ಲ. ಆದರೆ ಒಂದು ಕೊರತೆ ಇತ್ತು. ಶಂಕರ್ ನಾಗ್ ನಮ್ಮವರು. ‘ಮಾಲ್ಗುಡಿ ಡೇಸ್’ ತೆಗೆದದ್ದು ಆಗುಂಬೆಯಲ್ಲಿ. ಸ್ವಾಮಿ ಆಗಿದ್ದ ಮಾಸ್ಟರ್ ಮಂಜುನಾಥ್ ಕನ್ನಡದ ಹುಡುಗ, ಅವನ ಅಪ್ಪನ ಪಾತ್ರದಲ್ಲಿ ಗಿರೀಶ್ ಕಾರ್ನಾಡ್. ಅಷ್ಟೂ ಜನ ಕನ್ನಡದವರು ಹಿಂದಿಯಲ್ಲಿ ಮಾತಾಡುತ್ತಿದ್ದರು. ನಾನು ಸ್ವಾಮಿಯ ವಯಸ್ಸಿನವನೇ. ಇವನು ನನ್ನ ಎದುರು ಬಂದರೆ ಕನ್ನಡದಲ್ಲೇ ಮಾತಾಡ್ತಾನೆ ಅಂತ ಅಕ್ಕ ಹೇಳಿದಾಗ ನಂಬಲಿಕ್ಕೇ ಆಗಲಿಲ್ಲ. ಎಲ್. ವೈದ್ಯನಾಥನ್ ಮಾಡಿದ ಆ ಶುರುವಿನ ಸಂಗೀತ ಬಂದರೆ ಈಗಲೂ ಕೈಯಲ್ಲಿದ್ದ ಕೆಲಸ ನಿಲ್ಲುತ್ತೆ.

ಟಿವಿ ರಿಪೇರಿ, ಶಹಾಬಾದ್

ಭಾಲ್ಕಿ ತಮ್ಮಾ, ಅದು ಹವಾದ ಆಟ. ಬೇಸಿಗೆ ರಾತ್ರಿ ನೆಲ ಬೇಗ ತಣ್ಣಗಾಗಿ ಮೇಲಿನ ಗಾಳಿ ಬಿಸಿಯಾಗೇ ಉಳಿದರೆ ಅಲೆಗಳು ಮೇಲೆ ಹೋಗದೆ ಬಾಗಿ ಬಹಳ ದೂರ ಬರುತ್ತವೆ. ನೂರಾರು ಕಿಲೋಮೀಟರ್ ಆಚೆಯದೂ ಸಿಗುತ್ತೆ. ಇನ್ನು ಕನ್ನಡ ಬರದೇ ಇದ್ದದ್ದಕ್ಕೆ ಕಾರಣ ಬೇರೆ. 1984ರ ಸುಮಾರಿಗೆ ದೇಶದ ತುಂಬ ಸಣ್ಣ ಟ್ರಾನ್ಸ್‌ಮಿಟರ್ ಹಾಕುತ್ತಾ ಹೋದರು. ದಿಲ್ಲಿಯಿಂದ ಉಪಗ್ರಹದ ಮೂಲಕ ಬಂದದ್ದನ್ನು ಊರಿಗೆ ಬಿಡುವುದಷ್ಟೇ ಅವುಗಳ ಕೆಲಸ. ಹಾಗಾಗಿ ದಿಲ್ಲಿ ಹತ್ತಿರ ಆಯ್ತು, ಬೆಂಗಳೂರು ದೂರವೇ ಉಳೀತು.

ರೋಜಾ ಮೊಹಲ್ಲಾ, ಕಲಬುರಗಿ

ಭಾಷೆಯ ಮಾತು ಬಂತು, ನಾನೂ ಹೇಳಬೇಕು. ನಮ್ಮ ಮನೆಮಾತು ದಖನಿ. ನಾವು ಆಗ ಬಾಡಿಗೆಗೆ ಇದ್ದ ವಠಾರದಲ್ಲಿ ಟಿವಿ ಇದ್ದದ್ದು ಮಾಲೀಕರ ಮನೆಯಲ್ಲಿ ಮಾತ್ರ. ಅವರು ಕನ್ನಡದವರು. ಆ ವೈನಿ ನನ್ನ ಅಮ್ಮಿಯನ್ನು ‘ಆಪಾ’ ಅಂತ ಕರೆಯುತ್ತಿದ್ದರು. 1987ರ ಜನವರಿಯಲ್ಲಿ ‘ರಾಮಾಯಣ’ ಶುರುವಾಯಿತು. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ನಮ್ಮನ್ನೂ ಕರೆದರು. ನಮ್ಮ ಅಮ್ಮಿ ನಾಷ್ಟಾ ಮುಗಿಸಿ ನಮ್ಮನ್ನೆಲ್ಲ ಕರೆದುಕೊಂಡು ಹೋಗುತ್ತಿದ್ದಳು.

ಮೊದಲ ದಿನವೇ ಒಂದು ವಿಷಯ ಗೊತ್ತಾಯಿತು. ವೈನಿಗೆ ಹಿಂದಿ ಬರುತ್ತಿರಲಿಲ್ಲ. ನಮ್ಮ ಅಮ್ಮಿಗೆ ಹಿಂದಿ ಬರುತ್ತೆ, ಆದರೆ ಅವರು ಆಡುತ್ತಿದ್ದ ಆ ಸಂಸ್ಕೃತದ ಮಾತು ಒಂದೂ ತಿಳಿಯಲ್ಲ. ಆ ಮಾತುಗಳು ವೈನಿಗೆ ಪುರಾಣ ಕೇಳಿ ಕೇಳಿ ಗೊತ್ತು. ಹಾಗಾಗಿ ಅಮ್ಮಿ ‘ಜಾ ರಹಾ ಹೈ ಅಂದ್ರೆ ಹೊಂಟಾನ’ ಅಂತ ಹೇಳೋದು, ವೈನಿ ‘ವನವಾಸ ಅಂದ್ರ ಕಾಡಿಗೆ ಹೋಗೋದು ಆಪಾ’ ಅಂತ ಹೇಳೋದು. ಇಬ್ಬರೂ ಸೇರಿದರೆ ಒಂದು ವಾಕ್ಯ ಪೂರ್ತಿ ಆಗುತ್ತಿತ್ತು. ನಾವು ಮಕ್ಕಳು ಪರದೆ ಬಿಟ್ಟು ಅವರಿಬ್ಬರ ಮುಖವನ್ನೇ ನೋಡುತ್ತಿದ್ದೆವು. ಕೈಕೇಯಿ ವರ ಕೇಳಿದ ದಿನ ಇಬ್ಬರೂ ಒಟ್ಟಿಗೆ ಅತ್ತರು.

ಆಮೇಲೆ ‘ಮಹಾಭಾರತ’ ಬಂತು, 1988ರ ಅಕ್ಟೋಬರ್ 2ರಿಂದ. ಅದರ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ ಅಂತ ನಮ್ಮ ಅಬ್ಬಾ ಪೇಪರಿನಲ್ಲಿ ಓದಿ ಹೇಳಿದರು. ಅಮ್ಮಿ ಮರುದಿನವೇ ವೈನಿಗೆ ಹೋಗಿ ಹೇಳಿಬಂದಳು. ‘ಅದಕ್ಕೇ ಮಾತು ಅಷ್ಟು ಚಂದ ಅದ ಬಿಡ್ರಿ ಆಪಾ’ ಅಂದರಂತೆ ವೈನಿ.

ಇಬ್ಬರೂ ಈಗ ಇಲ್ಲ. ಆ ವಠಾರವೂ ಇಲ್ಲ. ಈ ಊರಿನಲ್ಲಿ ಜನ ಹೀಗೂ ಬದುಕಿದ್ದರು ಅಂತ ನನ್ನ ಮೊಮ್ಮಕ್ಕಳಿಗೆ ಹೇಳಿದರೆ ಕಥೆ ಅಂದುಕೊಳ್ಳುತ್ತಾರೆ. ಅದಕ್ಕೆ ಇಲ್ಲಿ ಬರೆದಿಟ್ಟೆ.

ಕೇರಿಯ ಮಗ, ಆಳಂದ ತಾಲ್ಲೂಕು

ಎಲ್ಲರ ನೆನಪು ಪ್ರೀತಿಯಿಂದ ಓದಿದೆ. ರೋಜಾ ಅಕ್ಕ ಬರೆದದ್ದು ಎರಡು ಸಲ ಓದಿದೆ. ಆದರೆ ಮೇಲೆ ‘ಊರೆಲ್ಲ ಕೂತಿದೆ’ ಅನ್ನುವ ಮಾತು ಬಂದಿದೆ. ಆ ಮಾತಿನ ಬಗ್ಗೆ ನಾನು ಸ್ವಲ್ಪ ಹೇಳಲೇಬೇಕು.

ನಮ್ಮ ಊರಿನಲ್ಲಿ ಊರೆಲ್ಲ ಕೂತಿರಲಿಲ್ಲ. ಟಿವಿ ಇದ್ದದ್ದು ಹನುಮಂತ ದೇವರ ಗುಡಿಯ ಪಕ್ಕದ ಚಾವಡಿಯಲ್ಲಿ. ಮೇಲ್ಜಾತಿಯವರು ಕಟ್ಟೆ ಮೇಲೆ. ನಮ್ಮ ಕೇರಿಯವರು ಬೇವಿನ ಗಿಡದ ಆಚೆ, ರಸ್ತೆಯಲ್ಲಿ ನಿಂತು ನೋಡಬೇಕು. ಅಲ್ಲಿಂದ ಪರದೆ ಅಂಗೈಯಷ್ಟು ಕಾಣುತ್ತಿತ್ತು. ಮಾತು ಕೇಳುತ್ತಿರಲಿಲ್ಲ. ಬಾಣ ಹೋಗೋದು, ಬಾಣ ಬರೋದು ನೋಡಿ ನಾವೇ ಕಥೆ ಕಟ್ಟಿಕೊಳ್ಳುತ್ತಿದ್ದೆವು. ಒಂದು ದಿನ ನಾನು ಆಸೆ ತಡೆಯದೆ ಕಟ್ಟೆಯ ಹತ್ತಿರ ಹೋದೆ. ಏನಾಯ್ತು ಅಂತ ಬರೆಯಲ್ಲ. ಮರುದಿನ ನಮ್ಮ ಅಪ್ಪ ಗೌಡರ ಮನೆಗೆ ಹೋಗಿ ಕೈ ಮುಗಿದು ಬರಬೇಕಾಯ್ತು.

ಆಮೇಲೆ ಕೇರಿಯ ಹುಡುಗರು, ನನ್ನ ಅಣ್ಣನ ವಯಸ್ಸಿನವರು, ಕಲ್ಲಿನ ಖಣಿಯ ಕೂಲಿಯಲ್ಲಿ ವಾರಕ್ಕಿಷ್ಟು ಅಂತ ಹಣ ಕೂಡಿಸಿದರು. ಗುಲಬರ್ಗಾದ ಅಂಗಡಿಯಿಂದ ಸೆಕೆಂಡ್ ಹ್ಯಾಂಡ್ ಕಪ್ಪು-ಬಿಳುಪು ಟಿವಿ ತಂದರು. ಬಸ್ಸಿನ ಟಾಪ್ ಮೇಲೆ ಹಾಕಿದರೆ ಒಡೆದೀತು ಅಂತ ಅಣ್ಣ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದ. ಅಂಬೇಡ್ಕರ್ ಫೋಟೋ ಇದ್ದ ಗೋಡೆಯ ಕೆಳಗೇ ಇಟ್ಟೆವು. ಅವತ್ತು ರಾತ್ರಿ ನಮ್ಮ ಅವ್ವ ಜೀವನದಲ್ಲಿ ಮೊದಲ ಸಲ ಟಿವಿಯ ಮುಂದೆ ಕೂತಳು. ನಿಂತಿದ್ದಲ್ಲ, ಕೂತಳು. ಏನು ಬರುತ್ತಿತ್ತು ಅಂತ ಕೇಳಿದರೆ ಹೇಳಲು ಬರಲ್ಲ. ಬಹುಶಃ ಸುದ್ದಿ. ಅವಳಿಗೆ ಅದು ಯಾವುದಾದರೂ ನಡೆಯುತ್ತಿತ್ತು.

ಹಳೆಯ ಕಾಲ ಚೆನ್ನಾಗಿತ್ತು ಅಂತ ಬರೆಯುವಾಗ ಬೇವಿನ ಗಿಡದ ಆಚೆ ನಿಂತವರನ್ನೂ ಬರೆಯಿರಿ. ಇಷ್ಟೇ ನನ್ನ ಮಾತು.

ನಿವೃತ್ತ ಮಾಸ್ತರ, ಚಿತ್ತಾಪುರ ತಾಲ್ಲೂಕು

ತಮ್ಮಾ, ನೀನು ಬರೆದದ್ದು ನಿಜ. ನಾನು ಕಣ್ಣಾರೆ ಕಂಡದ್ದನ್ನು ಸೇರಿಸುತ್ತೇನೆ. ಬೆಳಿಗ್ಗೆ ಶಾಲೆಯ ಪ್ರಸಾರಕ್ಕೆ ಎಲ್ಲ ಮಕ್ಕಳೂ ಒಂದೇ ಜಮಖಾನೆ ಮೇಲೆ ಕೂರುತ್ತಿದ್ದರು. ಅದೇ ಕೋಣೆ, ಅದೇ ಟಿವಿ. ಸಂಜೆ ಆ ಮಕ್ಕಳ ಅಪ್ಪ-ಅವ್ವ ಬಂದಾಗ ಕೇರಿಯವರು ಕಿಟಕಿಯ ಹೊರಗೆ. ಕಿಟಕಿಗೆ ಕಬ್ಬಿಣದ ಸರಳು, ಸರಳು ಹಿಡಿದು ನಿಂತ ಕೈಗಳು. ಹೆಂಗಸರಂತೂ, ಯಾವ ಜಾತಿಯವರಾದರೂ, ಬಹಳ ಕಡಿಮೆ. ಅಡಿಗೆಯ ಹೊತ್ತು ಅದು. ಬಾಣಂತಿಯ ಆರೈಕೆ, ಮಕ್ಕಳ ಲಸಿಕೆ ಬಗ್ಗೆ ಹೇಳುವ ಕಾರ್ಯಕ್ರಮವನ್ನು ಗಂಡಸರು ನೋಡಿ ಹೋಗುತ್ತಿದ್ದರು.

ಬ್ರಹ್ಮಪುರದವಳು, ಕಲಬುರಗಿ

ಆಳಂದದ ತಮ್ಮಾ, ಇಂಥದ್ದನ್ನು ಬರೆಯದೆ ಬಿಟ್ಟರೆ ಈ ಚರ್ಚೆ ಅರ್ಧವೇ ಆಗುತ್ತಿತ್ತು. ನಿಮ್ಮ ಅಣ್ಣ ಇದ್ದಾರಾ? ಆ ಟಿವಿ ತಂದ ಕಥೆಯನ್ನು ಅವರ ಬಾಯಿಂದಲೇ ಕೇಳಬೇಕು ಅಂತ ಆಸೆ.

ಕೇರಿಯ ಮಗ, ಆಳಂದ ತಾಲ್ಲೂಕು

ಇದ್ದಾನೆ ಅಕ್ಕಾ. ಫೋನಿನಲ್ಲಿ ಓದಿ ಹೇಳಿದೆ. ಬಹಳ ಹೊತ್ತು ಮಾತಾಡಿದ. ಆ ಟಿವಿಯ ಚೌಕಟ್ಟು ಅವನ ಮನೆಯ ಅಟ್ಟದ ಮೇಲೆ ಇನ್ನೂ ಇದೆಯಂತೆ.

ಸುರಪುರ ಸೀಮೆ, ಯಾದಗಿರಿ ಜಿಲ್ಲೆ

ನಾನು ಕೃಷಿ ಕಾರ್ಯಕ್ರಮದ ಪರವಾಗಿ ಬರೆಯುತ್ತೇನೆ. ‘ರಾಮಾಯಣ’, ‘ಮಹಾಭಾರತ’, ‘ಶಕ್ತಿಮಾನ್’ ಬಗ್ಗೆ ಬರೆಯಲು ಜನ ಇದ್ದಾರೆ. ಸಂಜೆ ಬರುತ್ತಿದ್ದ ರೈತರ ಕಾರ್ಯಕ್ರಮವನ್ನು ಯಾರೂ ನೆನೆಯಲ್ಲ.

ಟಿವಿಯಲ್ಲಿ ನಮ್ಮ ಮಾತು ಕೇಳಿದ್ದು ಅಲ್ಲಿ ಮಾತ್ರ. ಸುದ್ದಿ ಓದುವವರ ಕನ್ನಡ ಬೇರೆ, ನಾಟಕದವರ ಕನ್ನಡ ಬೇರೆ. ಆದರೆ ಹೊಲದಲ್ಲಿ ನಿಂತ ರೈತ ನಮ್ಮ ಕಾಕಾ ಮಾತಾಡಿದ ಹಾಗೇ ಮಾತಾಡುತ್ತಿದ್ದ. ಒಂದು ಸಂಚಿಕೆ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ತೊಗರಿಗೆ ನೆಟೆ ರೋಗ ಬಿದ್ದಿತ್ತು. ರುಮಾಲು ಸುತ್ತಿದ ಹಿರಿಯ ರೈತ ಒಣಗಿದ ಗಿಡವನ್ನು ಬೇರು ಸಮೇತ ಕಿತ್ತ. ಕುಡಗೋಲಿನಿಂದ ಕಾಂಡ ಸೀಳಿದ. ಒಳಗೆ ಉದ್ದಕ್ಕೆ ಕಪ್ಪು ಗೆರೆ. ‘ನೋಡ್ರಿ, ಮ್ಯಾಲ ಹಸರ ಕಾಣ್ತದ, ಒಳಗ ಸತ್ತದ’ ಅಂದ. ಪಕ್ಕದಲ್ಲಿ ನಿಂತಿದ್ದ ಕೃಷಿ ಅಧಿಕಾರಿ ಅದನ್ನೇ ಪುಸ್ತಕದ ಮಾತಿನಲ್ಲಿ ಹೇಳಿದರು. ಒಂದೇ ಹೊಲದಲ್ಲಿ ವರ್ಷವೂ ತೊಗರಿ ಹಾಕಬೇಡಿ, ನಡುವೆ ಜೋಳ ಹಾಕಿ, ಬೀಜೋಪಚಾರ ಮಾಡಿ ಅಂತ.

ನಮ್ಮ ಅಪ್ಪ ಅಧಿಕಾರಿಯ ಮಾತಿಗೆ ತಲೆ ಆಡಿಸಲಿಲ್ಲ. ಆ ರೈತ ಕಾಂಡ ಸೀಳಿದಾಗ ಎದ್ದು ಕೂತರು. ಮಾರನೇ ಬೆಳಿಗ್ಗೆ ನಮ್ಮ ಹೊಲಕ್ಕೆ ಹೋಗಿ ಮೂರು ಗಿಡ ಸೀಳಿ ನೋಡಿದರು. ಮರುವರ್ಷ ಆ ಹೊಲಕ್ಕೆ ಜೋಳ ಬಿತ್ತಿದರು. ಟಿವಿ ನಮ್ಮ ಮನೆಗೆ ಮಾಡಿದ ದೊಡ್ಡ ಉಪಕಾರ ಇದು. ಮುಂದೆ ಗುಲಬರ್ಗಾದ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಆಯಾ ಸೀಮೆಯ ವಿಶೇಷ ಬೆಳೆಗೆ ಕೊಡುವ ಗುರುತು, ಸಿಕ್ಕಾಗ ನನಗೆ ನೆನಪಾದದ್ದು ಆ ರುಮಾಲಿನ ರೈತ.

ಈಗಿನ ಧಾರಾವಾಹಿಗಳಲ್ಲಿ ನಮ್ಮ ಕಡೆಯ ಮಾತು ಬಂದರೆ ಒಂದೋ ನಗಿಸಲು, ಇಲ್ಲಾ ಮನೆಗೆಲಸದವರ ಬಾಯಲ್ಲಿ. ನನಗೆ ಇದು ನೋವಿನ ವಿಷಯ. ಬುದ್ಧಿವಂತ ಮನುಷ್ಯನೊಬ್ಬ ಗಂಭೀರವಾದ ಸಂಗತಿಯನ್ನು ನಮ್ಮ ಮಾತಿನಲ್ಲಿ ಹೇಳಿದ್ದನ್ನು ನಾನು ಟಿವಿಯಲ್ಲಿ ನೋಡಿದ್ದು ಆ ರೈತರ ಕಾರ್ಯಕ್ರಮದಲ್ಲೇ.

ಸೇಡಂ ಹುಡುಗಿ

ಸುರಪುರದ ಅಣ್ಣಾ, ನೀವು ಹೇಳಿದ್ದಕ್ಕೆ ನನ್ನ ಕಾಲದ್ದೂ ಒಂದು ಸೇರಿಸ್ತೀನಿ. ಈಟಿವಿ ಕನ್ನಡ 2000ದ ಡಿಸೆಂಬರ್‌ನಲ್ಲಿ ಶುರುವಾಯಿತು. ಬೆಳಿಗ್ಗೆ ‘ಅನ್ನದಾತ’ ಬರುತ್ತಿತ್ತು. ಅಜ್ಜ ಅದನ್ನು ನೋಡದೆ ಹೊಲಕ್ಕೆ ಹೋಗುತ್ತಿರಲಿಲ್ಲ. ಆ ಚಾನೆಲ್ ನಡೆಯುತ್ತಿದ್ದದ್ದು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಿಂದ. ಮಾಸ್ತರ್ ಸರ್ ಮೇಲೆ ಬರೆದಿದ್ದಾರಲ್ವಾ, 1975ರಲ್ಲೂ ಕನ್ನಡದ ಕಾರ್ಯಕ್ರಮ ಹೈದರಾಬಾದಿನಿಂದಲೇ ಬಂತು ಅಂತ. ನಮಗೆ ಹೈದರಾಬಾದ್ ಬಸ್ಸು ಹಿಡಿದರೆ ಸಿಗುವ ಊರು. ಅಕ್ಕಪಕ್ಕದ ಅಣ್ಣಂದಿರು ಕಲಿಯಲು, ದುಡಿಯಲು ಹೋಗುತ್ತಿದ್ದದ್ದೂ ಅಲ್ಲಿಗೇ. ಇದನ್ನು ಓದಿದ ಮೇಲೆ ಎರಡೂ ಒಂದಕ್ಕೊಂದು ಕೂಡಿಕೊಂಡವು.

ನಮ್ಮ ಮನೆಯಲ್ಲಿ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಬಂದರೆ ಊಟದ ತಟ್ಟೆ ಟಿವಿ ಮುಂದೆ. ಟಿ.ಎನ್. ಸೀತಾರಾಮ್ ಅವರ ‘ಮುಕ್ತ’ ಬಂದರೆ ಮಾತ್ರ ಅಮ್ಮ ತಟ್ಟೆ ತೆಗೆಯಲು ಹೇಳುತ್ತಿದ್ದಳು. ಗಮನ ಕೊಟ್ಟು ಕೇಳಬೇಕು ಅಂತ. ಎಸ್.ಪಿ. ಬಾಲಸುಬ್ರಹ್ಮಣ್ಯಂ ‘ಎದೆ ತುಂಬಿ ಹಾಡುವೆನು’ದಲ್ಲಿ ಮಕ್ಕಳ ತಪ್ಪನ್ನು ತಿದ್ದುತ್ತಿದ್ದ ರೀತಿ ನೋಡಿಯೇ ನಾನು ಟೀಚರ್ ಆಗಬೇಕು ಅಂದುಕೊಂಡೆ. ಈಗ ಆಗಿದ್ದೇನೆ. ತಪ್ಪು ಮಾಡಿದ ಮಗುವಿಗೆ ಮೊದಲು ಸರಿ ಇದ್ದದ್ದನ್ನು ಹೇಳಬೇಕು, ಆಮೇಲೆ ತಪ್ಪನ್ನು. ಇದನ್ನು ನನಗೆ ಬಿ.ಎಡ್.ನಲ್ಲಿ ಕಲಿಸಿದ್ದಲ್ಲ.

ಚಂದನದ ‘ಥಟ್ ಅಂತ ಹೇಳಿ’ ಬಗ್ಗೆ ಬೇರೆಯೇ ಬರೆಯಬೇಕು. ನಾ. ಸೋಮೇಶ್ವರ ಅವರು 2002ರಿಂದ ನಡೆಸುತ್ತಿದ್ದಾರೆ. ಬಹುಮಾನಕ್ಕೆ ಪುಸ್ತಕ! ನಮ್ಮ ಊರಿನಲ್ಲಿ ಆಗ ಪುಸ್ತಕದ ಅಂಗಡಿ ಇರಲಿಲ್ಲ. ಅವರು ಕೊಡುವ ಪುಸ್ತಕದ ಹೆಸರನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಳ್ಳುತ್ತಿದ್ದೆ. ಕಲಬುರಗಿಗೆ ಡಿಗ್ರಿಗೆ ಬಂದಾಗ ಆ ಪುಟ ಹಿಡಿದುಕೊಂಡೇ ಲೈಬ್ರರಿಗೆ ಹೋದೆ.

ಟಿವಿ ಕಾಕಾ, ಒಂದು ಪ್ರಶ್ನೆ. ಕಲಬುರಗಿ ದೂರದರ್ಶನ ಮುಚ್ಚಿತು ಅಂತ ಒಮ್ಮೆ ಕೇಳಿದ ನೆನಪು. ನಿಜವಾ?

ಟಿವಿ ರಿಪೇರಿ, ಶಹಾಬಾದ್

ಇಲ್ಲ ಮಗಳೇ. 2021ರ ಅಕ್ಟೋಬರ್‌ನಲ್ಲಿ ಹಾಗೆ ಸುದ್ದಿ ಹಬ್ಬಿತ್ತು. ನಿಂತದ್ದು ಹಳೆಯ ಅನಲಾಗ್ ಪ್ರಸಾರ, ಅಂದರೆ ಟವರಿನಿಂದ ನೇರ ಮನೆಯ ಆಂಟೆನಾಕ್ಕೆ ಬರುತ್ತಿದ್ದದ್ದು. ಅದನ್ನು ದೇಶದ ತುಂಬ ಹಂತ ಹಂತವಾಗಿ ನಿಲ್ಲಿಸಿದರು. ಕಲಬುರಗಿ, ಅಸ್ಸಾಮಿನ ಸಿಲ್ಚಾರ್‌ನಂಥ ಕೇಂದ್ರಗಳು ಕಾರ್ಯಕ್ರಮ ಮಾಡಿ ತಮ್ಮ ರಾಜ್ಯದ ಚಾನೆಲ್‌ಗೆ ಕೊಡುತ್ತಲೇ ಇರುತ್ತವೆ ಅಂತ ಪ್ರಸಾರ ಭಾರತಿ ಆಗ ಸ್ಪಷ್ಟವಾಗಿ ಹೇಳಿತು.

ನನ್ನ ಮಟ್ಟಿಗೆ ಹೇಳುವುದಾದರೆ ಆಂಟೆನಾ ಕಂಬದ ಕೆಲಸ ಹೋದದ್ದಕ್ಕೆ ದುಃಖ ಇಲ್ಲ. ಇಲ್ಲಿ ಕಾರ್ಯಕ್ರಮ ಮಾಡುವ ಕೆಲಸ ಮಾತ್ರ ಉಳಿಯಬೇಕು, ಬೆಳೆಯಬೇಕು. ನಾವು ಬರೀ ನೋಡಿದವರಲ್ಲ. ಕ್ಯಾಮೆರಾ ನಮ್ಮ ಹೊಲಕ್ಕೂ ಬಂದಿತ್ತು.

ಬ್ರಹ್ಮಪುರದವಳು, ಕಲಬುರಗಿ

ಎಲ್ಲರಿಗೂ ಒಂದು ಕೆಲಸ ಹೇಳುತ್ತೇನೆ, ದಯವಿಟ್ಟು ಮುಂದಕ್ಕೆ ಹಾಕಬೇಡಿ. 1975ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತು ದಾಟಿದೆ. ಆಗಲೇ ದೊಡ್ಡವರಾಗಿದ್ದವರು ಬಹಳ ಜನ ಉಳಿದಿಲ್ಲ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಅಂಥವರು ಇದ್ದರೆ ಫೋನಿನಲ್ಲಿ ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ. ‘ಯಾವ ಧಾರಾವಾಹಿ ಇಷ್ಟ’ ಅಂತ ಕೇಳಿದರೆ ಎರಡು ಹೆಸರು ಹೇಳಿ ಸುಮ್ಮನಾಗುತ್ತಾರೆ. ಟಿವಿ ಯಾರ ಮನೆಯಲ್ಲಿತ್ತು, ಬೀಗದ ಕೈ ಯಾರ ಹತ್ತಿರ, ಯಾರು ಒಳಗೆ, ಯಾರು ಹೊರಗೆ, ಹೆಂಗಸರು ಬರುತ್ತಿದ್ದರಾ, ಹಿಂದಿ ಯಾರು ಬಿಡಿಸಿ ಹೇಳುತ್ತಿದ್ದರು ಅಂತ ಕೇಳಿ. ಆಗ ಮಾತು ತಾನಾಗೇ ಬರುತ್ತೆ. ಅವರ ಮಾತನ್ನು ತಿದ್ದಬೇಡಿ, ಹೇಗೆ ಹೇಳ್ತಾರೋ ಹಾಗೇ ಇಡಿ.

ಮಾಸ್ತರ್ ಸರ್, ನಿಮ್ಮ ಹತ್ತಿರ ಮೊದಲು ನಾನೇ ಬರುತ್ತೇನೆ. ಆಳಂದದ ತಮ್ಮಾ, ನಿಮ್ಮ ಅಣ್ಣನನ್ನು ನೀವೇ ಕೂರಿಸಿ ಕೇಳಿ, ಆ ಚೌಕಟ್ಟಿನ ಫೋಟೋ ಹಾಕಿ. ಬೀದರ್ ಕಡೆಯವರು ಇನ್ನೂ ಕಡಿಮೆ ಬರೆದಿದ್ದೀರಿ. ಔರಾದ್, ಹುಮನಾಬಾದ್, ಬಸವಕಲ್ಯಾಣದವರು ಯಾರಾದರೂ ಇದ್ದರೆ ನಿಮ್ಮೂರಿಗೆ ಕನ್ನಡ ಟಿವಿ ಮೊದಲು ಯಾವಾಗ ಕಂಡಿತು ಅಂತ ತಿಳಿಸಿ.

ಭಾಲ್ಕಿ ಕಡೆಯವ

ಹುಮನಾಬಾದಿನಲ್ಲಿ ನಮ್ಮ ಸೋದರಮಾವ ಇದ್ದಾರೆ, 78 ವರ್ಷ. ನೆನಪು ಗಟ್ಟಿ ಇದೆ, ಕಿವಿ ಸ್ವಲ್ಪ ಮಂದ. ಭಾನುವಾರ ಹೋಗಿ ಕೇಳಿಕೊಂಡು ಬಂದು ಇಲ್ಲೇ ಹಾಕುತ್ತೇನೆ.